ಹುಲ್ಲು ಕೊಯ್ಯುವವನ ಕಥೆ ನಿಜವಾ? ನೇಪಾಳಿ ಆದಿಕವಿ ಭಾನುಭಕ್ತರ ಬಗ್ಗೆ ಗೊತ್ತಿದ್ದವರು ಹೇಳಿ

ಕಿಟಕಿಪಕ್ಕದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮೇಲಿನ ಮಹಡಿಗೆ ಹೋದ ವರ್ಷ ಡಾರ್ಜಿಲಿಂಗ್ ಹತ್ತಿರದ ಕಾಲಿಂಪಾಂಗ್ ಕಡೆಯ ಒಂದು ಸಂಸಾರ ಬಾಡಿಗೆಗೆ ಬಂದಿದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಹಗಲು ಮನೆಯಲ್ಲಿರುವುದು ಅಜ್ಜಿ, ಸಂಜೆ ಶಾಲೆ ಮುಗಿಸಿ ಬರುವ ಮೊಮ್ಮಗ. ಅವರು ಅಜ್ಜಿಗೆ ಬೋಜು ಅನ್ನುತ್ತಾರೆ. ಈಗ ನಮ್ಮ ಮನೆಯಲ್ಲೂ ಎಲ್ಲರಿಗೂ ಅವರು ಬೋಜುವೇ.

ಬೋಜು ದಿನಾ ಸಂಜೆ ದೀಪ ಹಚ್ಚಿ ಒಂದು ಹಳೆಯ ಪುಸ್ತಕ ಇಟ್ಟುಕೊಂಡು ರಾಗವಾಗಿ ಓದುತ್ತಾರೆ. ಕಿಟಕಿ ತೆಗೆದಿದ್ದರೆ ನಮಗೆ ಪೂರ್ತಿ ಕೇಳಿಸುತ್ತದೆ. ಭಾಷೆ ಗೊತ್ತಿಲ್ಲ, ಆದರೆ ನಾರದ, ಸತ್ಯಲೋಕ, ಬ್ರಹ್ಮ ಅನ್ನುವ ಮಾತು ಕಿವಿಗೆ ಬಿದ್ದಾಗ ರಾಮಾಯಣ ಇರಬೇಕು ಅನ್ನಿಸಿತು. ಕೇಳಿದೆ, ಹೌದಂತೆ. ಬರೆದವರು ಭಾನುಭಕ್ತ ಆಚಾರ್ಯ, ನೇಪಾಳಿ ಭಾಷೆಯ ಆದಿಕವಿ. ನಮ್ಮಿಬ್ಬರ ಹಿಂದಿಯೂ ಅರೆಬರೆ, ಆದರೂ ಆವತ್ತು ಬೋಜು ಒಂದು ಗಂಟೆ ಕೂತು ಅವರ ಕಥೆ ಹೇಳಿದರು.

ಅದರಲ್ಲಿ ನನಗೆ ಹಿಡಿಸಿದ್ದು ಹುಲ್ಲು ಕೊಯ್ಯುವವನ ಕಥೆ. ಭಾನುಭಕ್ತ ಇನ್ನೂ ಹುಡುಗ. ಅನುಕೂಲಸ್ಥರ ಮನೆ. ಕಾಡಿನಲ್ಲಿ ಹುಲ್ಲು ಕೊಯ್ಯುವ ಬಡವನೊಬ್ಬ ಸಿಗುತ್ತಾನೆ. ಮಾತಿಗೆ ಮಾತು ಬಂದಾಗ ಆ ಮನುಷ್ಯ, ಹುಲ್ಲು ಮಾರಿ ಉಳಿಸಿದ ದುಡ್ಡಲ್ಲಿ ಊರಿಗೆ ಒಂದು ಬಾವಿ ತೋಡಿಸುತ್ತಿದ್ದೇನೆ, ನಾಲ್ಕು ಜನ ನೀರು ಕುಡಿದರೆ ನಾನು ಸತ್ತ ಮೇಲೂ ಹೆಸರು ಉಳಿಯುತ್ತದೆ ಅನ್ನುತ್ತಾನೆ. ಭಾನುಭಕ್ತರಿಗೆ ನಾಚಿಕೆಯಾಗುತ್ತದೆ, ಇವನಿಗಿರುವ ಬುದ್ಧಿ ನನಗಿಲ್ಲವಲ್ಲ ಅಂತ. ಅಲ್ಲೇ ಪದ್ಯ ಕಟ್ಟುತ್ತಾರೆ. ಮುಂದೆ ರಾಮಾಯಣ ಬರೆಯುವುದಕ್ಕೆ ಅದೇ ಕಾರಣವಂತೆ.

ಆ ರಾತ್ರಿ ಮೊಬೈಲಲ್ಲಿ ಹುಡುಕಿದರೆ, ಈ ಕಥೆ ನಡೆದೇ ಇಲ್ಲ, ಆಮೇಲೆ ಯಾರೋ ಸೇರಿಸಿದ್ದು ಅಂತ ಕೆಲವರು ಬರೆದಿದ್ದಾರೆ. ಇನ್ನು ಕೆಲವರು ಅವರು ಮೊದಲ ಕವಿಯೇ ಅಲ್ಲ ಅನ್ನುತ್ತಾರೆ. ಓದಿ ಬೇಜಾರಾಯಿತು. ನಿಜ ಏನು? ಮೊದಲಿಗರಲ್ಲದಿದ್ದರೆ ಆದಿಕವಿ ಅಂತ ಯಾಕೆ ಕರೆಯುತ್ತಾರೆ? ಜುಲೈ 13ಕ್ಕೆ ಅವರ ಜಯಂತಿ ಇದೆ, ಬೋಜು ನನ್ನನ್ನೂ ಕರೆದಿದ್ದಾರೆ. ಏನೂ ತಿಳಿಯದೆ ಸುಮ್ನೆ ಹೋಗಿ ಕೂರುವುದಕ್ಕೆ ಮನಸ್ಸಿಲ್ಲ.

ಬೆಟ್ಟದಹಾದಿ:

ನಿಮ್ಮ ಪ್ರಶ್ನೆ ನೋಡಿ ತುಂಬಾ ಖುಷಿಯಾಯಿತು ತಂಗಿ. ಬ್ಯಾಂಕ್ ಕೆಲಸದ ಮೇಲೆ ನಾನು ನಾಲ್ಕು ವರ್ಷ ಡಾರ್ಜಿಲಿಂಗ್‌ನಲ್ಲಿದ್ದೆ. ಅಲ್ಲಿ ಚೌರಸ್ತಾ ಅಂತ ಒಂದು ಬಯಲಿದೆ, ಊರಿನವರೆಲ್ಲ ಸಂಜೆ ಬಂದು ಕೂರುವ ಜಾಗ. ಅಲ್ಲೇ ಭಾನುಭಕ್ತರ ಪ್ರತಿಮೆ ಇದೆ. ಜುಲೈ ಅಂದರೆ ಅಲ್ಲಿ ಬಿಡದ ಮಳೆ, ಮಂಜು. ಆ ಮಳೆಯಲ್ಲೇ ಶಾಲೆ ಮಕ್ಕಳು ಕೊಡೆ ಹಿಡಿದು ಸಾಲಾಗಿ ಬರುತ್ತಾರೆ, ಹಾರ ಹಾಕುತ್ತಾರೆ, ಪದ್ಯ ಹೇಳುತ್ತಾರೆ. ಹೆಂಗಸರು ಆ ದಿನಕ್ಕೆ ಅಂತಲೇ ಎತ್ತಿಟ್ಟ ಸೀರೆ ಉಟ್ಟು ಬಂದಿರುತ್ತಾರೆ. ಒಬ್ಬ ಕವಿಗಾಗಿ ಊರಿಗೆ ಊರೇ ಮಳೆಯಲ್ಲಿ ನಿಲ್ಲುವುದನ್ನು ನಾನು ಅಲ್ಲೇ ಮೊದಲು ನೋಡಿದ್ದು. ಪಕ್ಕದ ಸಿಕ್ಕಿಂನಲ್ಲಿ ಆ ದಿನ ಸರ್ಕಾರಿ ರಜೆ.

ಅವರು ಹುಟ್ಟಿದ್ದು ನೇಪಾಳದ ತನಹುಂ ಜಿಲ್ಲೆಯ ಚುಂದಿ ರಾಮ್ಘಾ ಅನ್ನುವ ಹಳ್ಳಿಯಲ್ಲಿ, 1814ರ ಜುಲೈ 13ರಂದು. ಅವರ ಪಂಚಾಂಗದಲ್ಲಿ ಅದು ಅಸಾರ್ ತಿಂಗಳ 29. ತಂದೆ ಧನಂಜಯ ಆಚಾರ್ಯ ಸರ್ಕಾರಿ ಕೆಲಸದಲ್ಲಿದ್ದರು. ಅಕ್ಷರ, ಸಂಸ್ಕೃತ ಕಲಿಸಿದ್ದು ಅಜ್ಜ ಶ್ರೀಕೃಷ್ಣ ಆಚಾರ್ಯ. ಆಮೇಲೆ ಕಾಶಿಯಲ್ಲೂ ಓದಿದರು.

ಇಷ್ಟು ಎಲ್ಲ ಕಡೆಯೂ ಸಿಗುತ್ತದೆ. ನಾನು ಹೇಳಬೇಕು ಅಂದುಕೊಂಡಿದ್ದು ಬೇರೆ. ಡಾರ್ಜಿಲಿಂಗ್‌ನವರಿಗೆ ಅವರು ಅಷ್ಟು ಹತ್ತಿರ ಯಾಕಾದರು? ಚಹಾ ತೋಟದ ಕೆಲಸಕ್ಕೆ, ಸೈನ್ಯಕ್ಕೆ ಅಂತ ಬಂದು ನೆಲೆಸಿದವರು ಅಲ್ಲಿ ಜಾಸ್ತಿ. ರಾಯ್, ಲಿಂಬು, ತಮಾಂಗ್, ಗುರುಂಗ್, ಹೀಗೆ ಬೇರೆ ಬೇರೆ ಮನೆಮಾತಿನವರು. ಅವರನ್ನೆಲ್ಲ ಒಂದು ಮಾಡಿದ್ದು ನೇಪಾಳಿ. 1924ರಲ್ಲಿ ಅಲ್ಲಿ ನೇಪಾಳಿ ಸಾಹಿತ್ಯ ಸಮ್ಮೇಳನ ಅನ್ನುವ ಸಂಸ್ಥೆ ಶುರುವಾಯಿತು. ಸೂರ್ಯವಿಕ್ರಮ ಜ್ಞವಾಲಿ, ಧರಣೀಧರ ಕೊಯಿರಾಲಾ, ಪಾರಸಮಣಿ ಪ್ರಧಾನ್, ಈ ಮೂವರ ಹೆಸರಿನ ಮೊದಲಕ್ಷರ ಸೇರಿಸಿ ಜನ 'ಸುಧಪಾ' ಅನ್ನುತ್ತಾರೆ. ಭಾನುಭಕ್ತರನ್ನು ಮನೆಮನೆಯ ಹೆಸರು ಮಾಡಿದ್ದರಲ್ಲಿ ಇವರ ಪಾಲು ದೊಡ್ಡದು. ಕವಿ ನೇಪಾಳದವರು, ಆದರೆ ಅವರನ್ನು ತಲೆಯ ಮೇಲೆ ಹೊತ್ತವರು ಗಡಿಯ ಈ ಕಡೆ ಇದ್ದವರು. ಊರು ಬಿಟ್ಟು ಬಂದವರಿಗೆ ಭಾಷೆ ಎಷ್ಟು ಮುಖ್ಯ ಅನ್ನುವುದು ಮುಂಬೈಯಲ್ಲಿ ಹುಟ್ಟಿ ಬೆಳೆದ ನನಗೆ ಚೆನ್ನಾಗಿ ಗೊತ್ತು. 1992ರಲ್ಲಿ ನೇಪಾಳಿ ನಮ್ಮ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ, ಅಂದರೆ ಮಾನ್ಯತೆ ಪಡೆದ ಭಾಷೆಗಳ ಪಟ್ಟಿಗೆ ಸೇರಿತು, ಕೊಂಕಣಿ, ಮಣಿಪುರಿ ಜೊತೆಗೇ. ಎಷ್ಟೋ ವರ್ಷದ ಹೋರಾಟ ಅದು. ಆ ಹೋರಾಟದ ಉದ್ದಕ್ಕೂ, ನಮಗೊಂದು ಸಾಹಿತ್ಯ ಇದೆ ಅಂತ ತೋರಿಸಲು ಅವರ ಕೈಯಲ್ಲಿ ಈ ರಾಮಾಯಣವಿತ್ತು.

ಲಘುಗುರು:

ನನಗೆ ನೇಪಾಳಿ ಬರುವುದಿಲ್ಲ, ದೇವನಾಗರಿ ಓದಲು ಬರುತ್ತದೆ, ಛಂದಸ್ಸಿನ ಹುಚ್ಚು. ಹಾಗಾಗಿ ಆ ಒಂದು ವಿಷಯ ಮಾತ್ರ ಹೇಳುತ್ತೇನೆ, ಯಾಕೆಂದರೆ ನೀವು ಕಿಟಕಿಯಲ್ಲಿ ಕೇಳುತ್ತಿರುವುದು ಅದನ್ನೇ.

ರಾಮಾಯಣದ ಮೊದಲ ಸಾಲು ಇದು. ಒಮ್ಮೆ ಜೋರಾಗಿ ಓದಿ:

ಏಕ್ ದಿನ್ ನಾರದ ಸತ್ಯಲೋಕ್ ಪುಗಿಗಯಾ ಲೋಕ್‌ಕೋ ಗರೂಂ ಹಿತ್ ಭನೀ

ಒಂದು ದಿನ ನಾರದರು ಲೋಕಕ್ಕೆ ಹಿತ ಮಾಡೋಣ ಅಂತ ಸತ್ಯಲೋಕಕ್ಕೆ ಹೋದರು, ಇಷ್ಟೇ ಅರ್ಥ. ಈಗ ಗುರು ಲಘು ಹಾಕಿ ನೋಡಿ. ಹತ್ತೊಂಬತ್ತು ಅಕ್ಷರ, ಹನ್ನೆರಡಕ್ಕೆ ಯತಿ, ಅಂದರೆ ಉಸಿರಿಗೆ ನಿಲ್ಲುವ ಜಾಗ. ಶಾರ್ದೂಲವಿಕ್ರೀಡಿತ! ನಮ್ಮ ಪಂಪ, ರನ್ನರಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ಅದೇ ವೃತ್ತ. ಹುಲ್ಲು ಕೊಯ್ಯುವವನ ಪದ್ಯ, 'ಭರ್ ಜನ್ಮ ಘಾಂಸ ತಿರ ಮನ್ ದಿಇ ಧನ್ ಕಮಾಯೋ' ಅಂತ ಶುರುವಾಗುವುದು, ವಸಂತತಿಲಕ. ಹದಿನಾಲ್ಕು ಅಕ್ಷರ, ಒಂದೂ ತಪ್ಪಿಲ್ಲ.

ಇಲ್ಲಿ ಅವರ ಜಾಣತನ ನೋಡಿ. ವೃತ್ತ ಸಂಸ್ಕೃತದ್ದು, ಆದರೆ ಉಚ್ಚಾರ ಬೀದಿಯದು. 'ಸತ್ಯಲೋಕ' ಅಂತ ಪೂರ್ತಿ ಹೇಳಿದ್ದರೆ ಒಂದು ಅಕ್ಷರ ಹೆಚ್ಚಾಗಿ ವೃತ್ತ ಮುರಿಯುತ್ತಿತ್ತು. 'ಸತ್ಯಲೋಕ್' ಅಂದರು, 'ಹಿತ್' ಅಂದರು, 'ಏಕ್ ದಿನ್' ಅಂದರು. ಅವರ ಜನ ಬಾಯಲ್ಲಿ ಹೇಗೆ ಹೇಳುತ್ತಿದ್ದರೋ ಹಾಗೇ ಬರೆದುಕೊಂಡು ಗಣಕ್ಕೆ ಕೂರಿಸಿದರು. ನಮ್ಮ ವೃತ್ತಗಳಲ್ಲಿ ಎರಡನೇ ಅಕ್ಷರದ ಪ್ರಾಸ ಕಡ್ಡಾಯ ಅಲ್ವಾ, ಅವರು ಅದಕ್ಕೆ ಹೋಗಲಿಲ್ಲ, ಸಾಲಿನ ಕೊನೆಗೆ ಪ್ರಾಸ ಇಟ್ಟರು. ಹೀಗಾಗಿ ಓದುಬರಹ ಬಾರದವರಿಗೂ ಬಾಯಿಪಾಠ ಸುಲಭವಾಯಿತು.

ಅವರು ಹಿಡಿದದ್ದು ವಾಲ್ಮೀಕಿಯನ್ನಲ್ಲ, ಸಂಸ್ಕೃತದ ಅಧ್ಯಾತ್ಮ ರಾಮಾಯಣವನ್ನು. ಅಲ್ಲಿ ಶಿವ ಪಾರ್ವತಿಗೆ ಕಥೆ ಹೇಳುತ್ತಾನೆ. ಪದಕ್ಕೆ ಪದ ಇಳಿಸಲಿಲ್ಲ, ಕಥೆಯನ್ನು ತಮ್ಮ ಮಾತಲ್ಲಿ ಹೇಳಿದರು. ಆ ಕಾಲಕ್ಕೆ ಪಂಡಿತರಿಗೆ ಕಾವ್ಯ ಅಂದರೆ ಸಂಸ್ಕೃತವೇ. ಮನೆಯಲ್ಲಿ ಆಡುವ ಮಾತಿಗೆ ಇನ್ನೂ ನೇಪಾಳಿ ಅನ್ನುವ ಹೆಸರೂ ಗಟ್ಟಿಯಾಗಿರಲಿಲ್ಲ, ಖಸ್ ಕುರಾ, ಪರ್ಬತಿಯಾ, ಗೋರ್ಖಾಲಿ ಅಂತೆಲ್ಲ ಕರೆಯುತ್ತಿದ್ದರು. ಆ ಮಾತಲ್ಲಿ ಶಾರ್ದೂಲವಿಕ್ರೀಡಿತ ಓಡಿಸುವುದು ಸಾಮಾನ್ಯ ಧೈರ್ಯವಲ್ಲ.

ಬೋಜು ಓದುವ ಧಾಟಿಗೂ ಹೆಸರಿದೆ. ಭಾನುಭಕ್ತೀಯ ಲಯ ಅನ್ನುತ್ತಾರೆ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅಂತ ಇವತ್ತು ಗಮನಿಸಿ ಕೇಳಿ, 'ಪುಗಿಗಯಾ' ಆದಮೇಲೆ ನಿಲ್ಲಬೇಕು.

ಹಳೇಕಾಗದ:

ನಿಮ್ಮ ಮೂಲ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಹುಲ್ಲು ಕೊಯ್ಯುವವನ ಕಥೆ ನಮಗೆ ಸಿಕ್ಕಿರುವುದು ಮೋತಿರಾಮ ಭಟ್ಟರು 1891ರಲ್ಲಿ ಬರೆದ ಭಾನುಭಕ್ತರ ಜೀವನಚರಿತ್ರೆಯಿಂದ. ಭಾನುಭಕ್ತರು ತೀರಿಕೊಂಡದ್ದು 1868ರಲ್ಲಿ. ಮೋತಿರಾಮ ಹುಟ್ಟಿದ್ದೇ 1866ರಲ್ಲಿ. ಅಂದರೆ ಇಬ್ಬರೂ ಕೂತು ಮಾತಾಡಿದ್ದು ಸಾಧ್ಯವೇ ಇಲ್ಲ. ಮೋತಿರಾಮರು ಅವರಿವರ ಬಾಯಲ್ಲಿ ಕೇಳಿದ್ದನ್ನು ಸೇರಿಸಿ, ಮಾತುಕತೆಯ ರೂಪ ಕೊಟ್ಟು, ರಸವತ್ತಾಗಿ ಬರೆದರು. ಅದಕ್ಕೇ ನೇಪಾಳದ ಕೆಲವು ವಿದ್ವಾಂಸರು ಆ ಭೇಟಿ ನಡೆದಿತ್ತು ಅನ್ನುವುದನ್ನು ಒಪ್ಪುವುದಿಲ್ಲ.

ಆದರೆ ಪದ್ಯ ಇದೆಯಲ್ಲ. ಅದರ ಎರಡನೇ ಭಾಗ ಜನ ಕಡಿಮೆ ಹೇಳುತ್ತಾರೆ, ನನಗೆ ಅದೇ ಹೆಚ್ಚು ಇಷ್ಟ. ನನ್ನದು ಅಂತ ಒಂದು ಬಾವಿಯಿಲ್ಲ, ಛತ್ರವಿಲ್ಲ, ದಾರಿಹೋಕರು ಕೂರುವ ಜಗಲಿಯಿಲ್ಲ, ಇರುವ ಹಣ ಒಡವೆಯೆಲ್ಲ ಮನೆಯೊಳಗೇ ಇದೆ, ಆ ಹುಲ್ಲಿನವನು ಇವತ್ತು ಎಂಥ ಬುದ್ಧಿ ಹೇಳಿದ, ಕೀರ್ತಿ ಉಳಿಸದೆ ಕೂತ ನನಗೆ ಧಿಕ್ಕಾರ, ಅನ್ನುತ್ತಾರೆ. ಕಾಲ್ನಡಿಗೆಯಲ್ಲೇ ಊರೂರು ತಿರುಗಬೇಕಿದ್ದ ಬೆಟ್ಟದ ನಾಡಲ್ಲಿ ಬಾವಿ, ಜಗಲಿ ಅಂದರೆ ಎಷ್ಟು ದೊಡ್ಡ ಪುಣ್ಯ ಅಂತ ಯೋಚಿಸಿ. ಆ ನಾಚಿಕೆ ಯಾವ ಕಾಡಿನಲ್ಲಿ, ಯಾವ ದಿನ ಹುಟ್ಟಿತು ಅನ್ನುವುದು ನನಗೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ.

ಇನ್ನು ಆದಿಕವಿ ಮಾತು. ಕಾಲದ ಲೆಕ್ಕದಲ್ಲಿ ಅವರು ಮೊದಲಿಗರಲ್ಲ. ಹದಿನೆಂಟನೇ ಶತಮಾನದಲ್ಲೇ ಸುವಾನಂದ ದಾಸರು ರಾಜ ಪೃಥ್ವಿನಾರಾಯಣ ಶಾಹನ ಮೇಲೆ ಪದ್ಯ ಬರೆದಿದ್ದರು. ಉದಯಾನಂದ ಅರ್ಯಾಲ್, ಇಂದಿರಸ, ವಿದ್ಯಾರಣ್ಯಕೇಸರಿ ಇದ್ದರು. ರಘುನಾಥ ಅನ್ನುವವರು ರಾಮಾಯಣದ ಸುಂದರಕಾಂಡವನ್ನು ಇವರಿಗಿಂತ ಮೊದಲೇ ನೇಪಾಳಿಗೆ ತಂದಿದ್ದರು. ಹಾಗಾದರೆ? ಅವರ್ಯಾರ ಪದ್ಯವೂ ಮನೆಮನೆಯ ಬಾಯಿಗೆ ಹೀಗೆ ಬರಲಿಲ್ಲ. ಪೂರ್ತಿ ರಾಮಾಯಣವನ್ನು, ಅಡುಗೆಮನೆಯಲ್ಲಿದ್ದವರಿಗೂ ಅರ್ಥವಾಗುವ ಮಾತಲ್ಲಿ ಕೊಟ್ಟವರು ಇವರು. 'ಆದಿ' ಅನ್ನುವುದನ್ನು ಆ ಅರ್ಥದಲ್ಲಿ ತೆಗೆದುಕೊಳ್ಳಬೇಕು.

ಮೋತಿರಾಮರ ಬಗ್ಗೆ ಇನ್ನೂ ನಾಲ್ಕು ಮಾತು ಹೇಳಲೇಬೇಕು, ಯಾಕೆಂದರೆ ಅವರಿಗೆ ಸಲ್ಲಬೇಕಾದ್ದು ಪೂರ್ತಿ ಸಲ್ಲುತ್ತಿಲ್ಲ ಅನ್ನುವ ನೋವು ನನಗಿದೆ. ಭಾನುಭಕ್ತರು ಬದುಕಿದ್ದಾಗ ಅವರ ರಾಮಾಯಣ ಅಚ್ಚಾಗಲಿಲ್ಲ. ಕೈಬರಹದಲ್ಲೇ ಉಳಿಯಿತು, ಅವರಿವರು ನಕಲು ಮಾಡಿಕೊಂಡರು. ಮೋತಿರಾಮ ಕಾಶಿಯಲ್ಲಿ ಬೆಳೆದ ಹುಡುಗ, ಹಿಂದಿಯ ಭಾರತೇಂದು ಹರಿಶ್ಚಂದ್ರರ ಒಡನಾಟ ಇದ್ದವರು, ನೇಪಾಳಿಗೆ ಗಜಲ್ ತಂದವರು. ಅವರು ಆ ಹಸ್ತಪ್ರತಿ ಹುಡುಕಿ, 1884ರಲ್ಲಿ ಬಾಲಕಾಂಡವನ್ನು, 1887ರಲ್ಲಿ ಪೂರ್ತಿ ರಾಮಾಯಣವನ್ನು ಕಾಶಿಯಲ್ಲಿ ಅಚ್ಚು ಹಾಕಿಸಿದರು. ಬಾಲಕಾಂಡ ಹೊರಬಂದಾಗ ಅವರಿಗೆ ಹದಿನೆಂಟು ವರ್ಷ! ತೀರಿಕೊಂಡಾಗ ಮೂವತ್ತು. ಅವರಿಲ್ಲದಿದ್ದರೆ ನಿಮ್ಮ ಬೋಜು ಕೈಗೆ ಆ ಪುಸ್ತಕ ಬರುತ್ತಿತ್ತಾ ಅಂತ ನನಗೆ ಅನುಮಾನ.

ಇನ್ನೊಂದು ಕಡೆಯನ್ನೂ ಮುಚ್ಚಿಡಬಾರದು. ಭಾನುಭಕ್ತರ 'ವಧೂಶಿಕ್ಷಾ' ಅಂತ ಒಂದು ಕೃತಿ ಇದೆ, 1862ರದ್ದು. ಸೊಸೆ ಹೇಗಿರಬೇಕು, ಹೇಗೆ ಬಗ್ಗಿ ನಡೆಯಬೇಕು ಅಂತ ಹೇಳುವ ಪುಸ್ತಕ. ಇವತ್ತಿನ ಹೆಣ್ಣುಮಕ್ಕಳಿಗೆ ಅದು ಕೊಡುವ ಬುದ್ಧಿವಾದ ನನಗೆ ಒಪ್ಪಿಗೆಯಿಲ್ಲ, ನೇಪಾಳದ ಲೇಖಕಿಯರೂ ಅದನ್ನು ಬಲವಾಗಿ ಟೀಕಿಸಿದ್ದಾರೆ. ಹಾಗೇ, ನೇಪಾಳದಲ್ಲಿ 2021ರ ಜನಗಣತಿ ಪ್ರಕಾರ 124 ಭಾಷೆ ಇವೆ, ನೇಪಾಳಿ ಮನೆಮಾತಾಗಿರುವವರು ಶೇಕಡ 45ರ ಹತ್ತಿರ. 1960ರಿಂದ 1990ರವರೆಗೆ ಅಲ್ಲಿದ್ದ ಪಂಚಾಯತ್ ಆಡಳಿತ, ಅಂದರೆ ಪಕ್ಷಗಳಿಲ್ಲದ ರಾಜನ ಆಡಳಿತ, 'ಒಂದೇ ಭಾಷೆ, ಒಂದೇ ಉಡುಗೆ' ಅಂತ ಹೊರಟಾಗ ಭಾನುಭಕ್ತರ ಹೆಸರನ್ನೂ ಅದಕ್ಕೆ ಬಳಸಿಕೊಂಡಿತು. ಕಠ್ಮಂಡು ಕಣಿವೆಯ ಮೂಲದ ಜನ ನೇವಾರರಿಗೆ ಅವರದೇ ಕವಿ ಸಿದ್ಧಿದಾಸ ಮಹಾಜು ಇದ್ದಾರೆ, ಅವರೂ ತಮ್ಮ ಭಾಷೆಯಲ್ಲಿ ರಾಮಾಯಣ ಬರೆದವರು. ಹಾಗಾಗಿ ಕಠ್ಮಂಡುವಿನ ಎಲ್ಲರೂ ಭಾನುಭಕ್ತರನ್ನು ಡಾರ್ಜಿಲಿಂಗ್‌ನವರ ಹಾಗೇ ನೋಡಬೇಕು ಅಂತಿಲ್ಲ. ಆ ಸಿಟ್ಟಿಗೂ ಕಾರಣವಿದೆ. ಅದು ಕವಿಯ ತಪ್ಪಲ್ಲ, ಆದರೆ ಗೊತ್ತಿರಬೇಕು.

ಬೆಟ್ಟದಹಾದಿ:

@ಹಳೇಕಾಗದ, ಕೊನೆಯ ಮಾತು ಒಪ್ಪುತ್ತೇನೆ. ಡಾರ್ಜಿಲಿಂಗ್‌ನಲ್ಲೂ ಈಗ ಲಿಂಬು, ತಮಾಂಗ್ ಗೆಳೆಯರು ತಮ್ಮ ಭಾಷೆಯ ಲಿಪಿ, ಹಾಡು ಅಂತ ಓಡಾಡುತ್ತಾರೆ. ಅವರೇ ಜುಲೈ 13ಕ್ಕೆ ಚೌರಸ್ತಾಗೂ ಬರುತ್ತಾರೆ. ಎರಡೂ ಒಟ್ಟಿಗೆ ನಡೆಯುತ್ತದೆ.

ಕಡತದಧೂಳು:

ಯಾರೂ ಜೈಲಿನ ವಿಷಯ ಎತ್ತಲಿಲ್ಲವಲ್ಲ! ನನಗೆ ಭಾನುಭಕ್ತರು ಗೊತ್ತಾದದ್ದೇ ಅದರಿಂದ.

ಅವರು ಕೆಲವು ಕಾಲ ಸರ್ಕಾರಿ ಕೆಲಸದಲ್ಲಿದ್ದರು. ಲೆಕ್ಕಪತ್ರದಲ್ಲಿ ಏನೋ ತೊಡಕಾಗಿ ಕಠ್ಮಂಡುವಿನ ಕುಮಾರಿಚೋಕ್‌ನಲ್ಲಿ ಕೂಡಿ ಹಾಕಿದರು. ಕುಮಾರಿಚೋಕ್ ಅಂದರೆ ಸರ್ಕಾರದ ಲೆಕ್ಕ ತಪಾಸಣೆಯ ಕಚೇರಿ. ಕೆಲವು ತಿಂಗಳು ಅಲ್ಲೇ ಇದ್ದರು. ಬಾಲಕಾಂಡವನ್ನು 1841ರ ಸುಮಾರಿಗೇ ಬರೆದಿಟ್ಟಿದ್ದರು, ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಅಲ್ಲಿಗೇ ನಿಂತಿತ್ತು. ಮುಂದಿನ ಕಾಂಡಗಳು ಹೊರಬಂದದ್ದು ಈ ಸೆರೆಯಲ್ಲಿ. 1853ರ ಹೊತ್ತಿಗೆ ರಾಮಾಯಣ ಪೂರ್ತಿಯಾಯಿತು.

ಅಲ್ಲಿಂದ ಬಿಡುಗಡೆ ಕೇಳಿ ಬರೆದ ಪದ್ಯ ಓದಿ. ಅರ್ಜಿ ಅದು. ದಿನಾ ಪ್ರಭುಗಳ ಪಾದದ ದರ್ಶನ ಸಿಗುತ್ತಿದೆ, ಮನಸ್ಸಿಗೆ ಏನೂ ತಾಪವಿಲ್ಲ, ರಾತ್ರಿಯಿಡೀ ಕಾಸು ಖರ್ಚಿಲ್ಲದೆ ಕುಣಿತ ನೋಡುತ್ತೇನೆ, ಸೊಳ್ಳೆ, ಚಿಗಟ, ತಿಗಣೆ ನನ್ನ ಜೊತೆಗಾರರು, ಸೊಳ್ಳೆ ಹಾಡುತ್ತವೆ, ಚಿಗಟ ಕುಣಿಯುತ್ತವೆ, ನಾನು ಕೂತು ನೋಡುತ್ತೇನೆ, ಅಂತ. ಅಷ್ಟು ನೋವಿನಲ್ಲಿದ್ದ ಮನುಷ್ಯ ಬೇಡಿಕೊಳ್ಳುವಾಗಲೂ ಬಗ್ಗಲಿಲ್ಲ ನೋಡಿ.

ಇನ್ನೊಂದು, 'ಭೋಲಿ ಭೋಲಿ' ಪದ್ಯ. ಭೋಲಿ ಅಂದರೆ ನಾಳೆ. ನ್ಯಾಯಕಚೇರಿಯ ಅಧಿಕಾರಿಗಳಿಗೆ ಎಷ್ಟು ಅಂತ ಬೇಡಿಕೊಳ್ಳಲಿ, ಬಾಯೇ ಬಿಡುವುದಿಲ್ಲ, ಬಿಟ್ಟರೂ ತಮಾಷೆ ಮಾಡಿದ ಹಾಗೆ ದಿನಾ ನಾಳೆ ನಾಳೆ ಅನ್ನುತ್ತಾರೆ, ನಾಳೆ ನಾಳೆ ಅನ್ನುವುದರಲ್ಲೇ ಮನೆಯೆಲ್ಲ ಕರಗಿ ಹೋಯಿತು, ಇವತ್ತು ಒಂದು ಜೋಳಿಗೆಯನ್ನಾದರೂ ದಯಪಾಲಿಸಿ, ಅನ್ನುತ್ತಾರೆ. ಜೋಳಿಗೆ, ಅಂದರೆ ಭಿಕ್ಷೆ ಬೇಡಲು.

ನಮ್ಮ ಅಪ್ಪ ತೀರಿಕೊಂಡ ಮೇಲೆ ಅಮ್ಮನ ಪಿಂಚಣಿಗಾಗಿ ನಾನು ಒಂದು ಕಚೇರಿಗೆ ಹದಿನಾಲ್ಕು ತಿಂಗಳು ಅಲೆದೆ. ಬೆಳಗ್ಗೆ ಬಸ್ಸು ಹಿಡಿದು ಹೋಗುವುದು, ಬೆಂಚಿನ ಮೇಲೆ ಕೂರುವುದು, ನಾಲ್ಕು ಗಂಟೆಗೆ ಅದೇ ಉತ್ತರ. ಆ ದಿನಗಳಲ್ಲಿ ಈ ಪದ್ಯದ ಅನುವಾದ ಎಲ್ಲೋ ಓದಿ ಕಣ್ಣಲ್ಲಿ ನೀರು ಬಂತು. 160 ವರ್ಷ ಹಿಂದೆ, ಹಿಮಾಲಯದ ತಪ್ಪಲಲ್ಲಿ, ಒಬ್ಬರು ಇದೇ ಬೆಂಚಿನ ಮೇಲೆ ಕೂತಿದ್ದರು ಅನ್ನಿಸಿತು. ಚೀಟಿಯಲ್ಲಿ ಬರೆದುಕೊಂಡು ಕಡತದ ಒಳಗಿಟ್ಟುಕೊಂಡಿದ್ದೆ. ರಾಮಾಯಣ ನಾನು ಓದಿಲ್ಲ. ನನ್ನ ಪಾಲಿಗೆ ಈ ಎರಡು ಪದ್ಯ ಬರೆದದ್ದಕ್ಕೇ ಅವರು ದೊಡ್ಡ ಕವಿ.

ಲಘುಗುರು:

@ಕಡತದಧೂಳು, ನಿಮ್ಮ ಅಮ್ಮನಿಗೆ ಪಿಂಚಣಿ ಬಂತಾ?

ಕಡತದಧೂಳು:

ಬಂತು ಸರ್. ಹದಿನೈದನೇ ತಿಂಗಳು.

ಕಿಟಕಿಪಕ್ಕದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಎರಡು ಸಲ ಓದಿ, ನಿನ್ನೆ ಸಂಜೆ ಮೇಲೆ ಹೋಗಿದ್ದೆ.

ಮೊದಲು ಮೊದಲ ಸಾಲನ್ನು ನಾನೇ ಓದಿದೆ, ಕನ್ನಡದಲ್ಲಿ ಬರೆದುಕೊಂಡು. ಬೋಜು ಚಪ್ಪಾಳೆ ತಟ್ಟಿದರು. ಆಮೇಲೆ 'ಭನೀ'ಯನ್ನು ಹಾಗಲ್ಲ ಹೀಗೆ ಎಳೆಯಬೇಕು ಅಂತ ಐದಾರು ಸಲ ಹೇಳಿಸಿದರು. ಲಘುಗುರು ಅವರೇ, ನೀವು ಹೇಳಿದ್ದು ಸರಿ, 'ಪುಗಿಗಯಾ' ಆದಮೇಲೆ ನಿಲ್ಲುತ್ತಾರೆ. ಹನ್ನೆರಡು ಅಕ್ಷರಕ್ಕೆ ನಿಲ್ಲುತ್ತೀರಲ್ಲ ಅಂದರೆ, ನಾನ್ಯಾವತ್ತೂ ಎಣಿಸಿಲ್ಲ, ಅಮ್ಮ ಅಲ್ಲಿ ನಿಲ್ಲುತ್ತಿದ್ದರು, ನಾನೂ ನಿಲ್ಲುತ್ತೇನೆ ಅಂದರು. ಅವರ ಅಮ್ಮನಿಗೆ ಓದಲು ಬರುತ್ತಿರಲಿಲ್ಲವಂತೆ. ಪೂರ್ತಿ ಬಾಲಕಾಂಡ ಬಾಯಲ್ಲೇ ಇತ್ತಂತೆ. ಬೋಜು ಶಾಲೆಗೆ ಹೋದದ್ದು ಎರಡು ವರ್ಷ, ಅಕ್ಷರ ಕೂಡಿಸಿ ಓದುವುದನ್ನು ಗಟ್ಟಿಮಾಡಿಕೊಂಡಿದ್ದು ಈ ಪುಸ್ತಕದಿಂದಲೇ. ಪದ್ಯ ಮೊದಲೇ ಬಾಯಲ್ಲಿತ್ತು, ಹಾಳೆ ಮೇಲೆ ಯಾವ ಅಕ್ಷರ ಯಾವ ಶಬ್ದ ಅಂತ ಬೆರಳಿಟ್ಟು ಹುಡುಕುತ್ತಾ ಹೋದರಂತೆ.

ಹುಲ್ಲು ಕೊಯ್ಯುವವನ ಕಥೆ ನಡೆದಿಲ್ಲ ಅನ್ನುತ್ತಾರೆ ಕೆಲವರು ಅಂತ ಸ್ವಲ್ಪ ಹೆದರುತ್ತಲೇ ಹೇಳಿದೆ. ಅವರಿಗೆ ಬೇಜಾರಾಗಲಿಲ್ಲ. ಹಾಗೆ ಅನ್ನುವವರು ಇದ್ದಾರೆ, ನಮ್ಮ ಮೇಷ್ಟ್ರೂ ಅನ್ನುತ್ತಿದ್ದರು ಅಂದರು. ಮೋತಿರಾಮರ ಹೆಸರು ಹೇಳಿದ್ದಕ್ಕೆ ಮಾತ್ರ ತುಂಬಾ ಖುಷಿಪಟ್ಟರು. ವಧೂಶಿಕ್ಷಾ ಅಂದಾಗ ಸೊಸೆಯ ಮುಖ ನೋಡಿದರು, ಸೊಸೆ ಇವರ ಮುಖ ನೋಡಿದರು, ಆ ಪುಸ್ತಕ ನಮ್ಮ ಮನೆಯಲ್ಲಿಲ್ಲ ಅಂದರು ಬೋಜು.

13ರ ಕಾರ್ಯಕ್ರಮ ಒಂದು ಚಿಕ್ಕ ಸಭಾಂಗಣದಲ್ಲಿ, ಸಂಜೆ 5ಕ್ಕೆ. ಇಲ್ಲಿರುವ ಅವರ ಕಡೆಯವರೆಲ್ಲ ಸೇರುತ್ತಾರಂತೆ. ಮೊಮ್ಮಗ ಪದ್ಯ ಹೇಳಬೇಕು. ಹುಲ್ಲಿನವನ ಪದ್ಯ ಎಲ್ಲ ಮಕ್ಕಳೂ ಹೇಳುತ್ತಾರೆ ಅಂತ ಅವನು ಬೇರೆ ಹುಡುಕುತ್ತಿದ್ದ. ಕಡತದಧೂಳು ಅವರೇ, ನೀವು ಬರೆದದ್ದನ್ನು ಅವನಿಗೆ ಹೇಳಿದೆ. ಸೊಳ್ಳೆ, ಚಿಗಟದ ಪದ್ಯವನ್ನೇ ಆರಿಸಿಕೊಂಡಿದ್ದಾನೆ. ಚಿಗಟ ಅಂದರೇನು ಅಂತ ಅವನಿಗೂ ಗೊತ್ತಿಲ್ಲ, ನಮ್ಮ ಬೀದಿ ನಾಯಿಯ ಮೈಮೇಲೆ ತೋರಿಸಿದೆ. ಈಗ ಮೆಟ್ಟಿಲು ಹತ್ತುವಾಗ, ಇಳಿಯುವಾಗ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದಾನೆ.

ಲಘುಗುರು ಅವರೇ, ಆ ಪದ್ಯ ಯಾವ ವೃತ್ತ?

ಲಘುಗುರು:

ಅದೂ ಶಾರ್ದೂಲವಿಕ್ರೀಡಿತವೇ ತಾಯಿ. ಹನ್ನೆರಡಕ್ಕೆ ನಿಲ್ಲಲು ಹೇಳಿ ಅವನಿಗೆ. ಸಾಧ್ಯವಾದರೆ ಬೋಜು ಓದುವುದನ್ನು ಒಂದು ಸಂಜೆ ರೆಕಾರ್ಡ್ ಮಾಡಿಕೊಳ್ಳಿ, ಅವರ ಒಪ್ಪಿಗೆ ಕೇಳಿ.